ದೋಣಿ ಯಾರ ಹೆಸರಿನಲ್ಲಿದೆ

ವಿಮಾನಗಳ ರಿಪೇರಿ ಕೈಪಿಡಿ ಬರೆಯುವುದು ನನ್ನ ಕೆಲಸವಾಗಿತ್ತು. ಒಂದು ವಾಕ್ಯಕ್ಕೆ ಒಂದೇ ಸೂಚನೆ. ಮೊದಲು ಎಚ್ಚರಿಕೆ, ಆಮೇಲೆ ಕೆಲಸ. ಮೊದಲ ಸಾಲಿನಲ್ಲಿ ಬೋಲ್ಟ್ ಬಿಚ್ಚಲು ಹೇಳಿ, ಎರಡನೆಯ ಸಾಲಿನಲ್ಲಿ ‘ಬಿಚ್ಚುವ ಮುನ್ನ ಒತ್ತಡ ಇಳಿಸಿ’ ಎಂದರೆ ಓದುತ್ತಿದ್ದ ಮೆಕ್ಯಾನಿಕ್ ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಆಸ್ಪತ್ರೆಯಲ್ಲಿರುತ್ತಾನೆ. ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ದೀಪ ಆರಿಸಿ ಬೆಳೆದ ನನಗೆ ಈ ಶಿಸ್ತು ಹೊಸದಾಗಿರಲಿಲ್ಲ. ಸಿಯಾಟಲ್‌ಗೆ ಓದಲು ಬಂದವಳು ಅಲ್ಲಿನ ವಿಮಾನ ಕಾರ್ಖಾನೆ ಸೇರಿದೆ, ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಸಾಹಿತ್ಯದ ಜೊತೆ ನನಗಿದ್ದದ್ದು ಓದುವವಳ ಸಂಬಂಧ ಮಾತ್ರ. ನಾರ್ವೆಯ ಸಾಹಿತ್ಯದ ಜೊತೆ ಅದೂ ಇರಲಿಲ್ಲ.

ಆ ಸಂಬಂಧ ಬೆಳಗಿನ ನಡಿಗೆಯಿಂದ ಶುರುವಾಯಿತು. ಸಿಯಾಟಲ್ ಪಕ್ಕದ ಕೆರೆಯ ನಡುವಿರುವ ಮರ್ಸರ್ ಐಲ್ಯಾಂಡಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನನಗಿಂತ ಕೆಲವು ವರ್ಷ ದೊಡ್ಡವರಾದ ಒಬ್ಬ ಹೆಂಗಸಿದ್ದರು. ನಾನು ಕೆರೆಯ ಕಡೆಗೆ ಇಳಿಯುವ ಹೊತ್ತಿಗೆ ಅವರು ಹತ್ತಿ ಬರುತ್ತಿದ್ದರು. ಇಬ್ಬರೂ ಹೊತ್ತು ತಪ್ಪಿಸುವವರಲ್ಲ, ಆದ್ದರಿಂದ ಯಾವಾಗಲೂ ಅದೇ ದೇವದಾರು ಮರದ ಹತ್ತಿರ ಎದುರಾಗುತ್ತಿದ್ದೆವು. ತಲೆ ಆಡಿಸಿ ಮುಂದೆ ಹೋಗುತ್ತಿದ್ದೆವು. ಮಾತಾಡಲು ವರ್ಷಗಳೇ ಬೇಕಾದವು. ಅವರೇ ಮೊದಲು ನಿಂತು, ನಾನು ಕೈಪಿಡಿ ಬರೆಯುತ್ತಿದ್ದೆನೆಂದು ಪೋಸ್ಟಿನವನಿಂದ ತಿಳಿಯಿತೆಂದೂ, ಒಂದು ಪುಟ ಇಂಗ್ಲಿಷನ್ನು ತಿದ್ದಿಕೊಡಲು ಸಾಧ್ಯವೇ ಎಂದೂ ಕೇಳಿದರು.

ಅವರ ತಂದೆ ತಾಯಿ ನಾರ್ವೆಯ ಉತ್ತರದ ಒಂದು ದ್ವೀಪದಿಂದ ಸಿಯಾಟಲ್‌ನ ಬಂದರು ಬಡಾವಣೆಯಾದ ಬಲಾರ್ಡಿಗೆ ಮೀನು ಹಿಡಿಯುವ ದೋಣಿಗಳ ಕೆಲಸಕ್ಕೆ ಬಂದವರು. ಮನೆಯಲ್ಲಿ ಆಡುತ್ತಿದ್ದದ್ದು ನಾರ್ವೆಯ ಮಾತು. ಅವರು ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತರಾಗಿ, ಅನುವಾದಕ್ಕೆ ಕೈಹಾಕಿದ್ದರು. ಬಲಾರ್ಡಿನಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಸಣ್ಣ ಕಚೇರಿ ನಡೆಸುತ್ತಿದ್ದರು. ನಾರ್ವೆಯ ಒಂದು ಸಂಸ್ಥೆ ಅದಕ್ಕೆ ನೆರವು ಕೊಡುತ್ತಿತ್ತು. ಕೆಲಸ ಇಷ್ಟೆ: ನಾರ್ವೆಯಲ್ಲಿ ಇಂಥ ಪುಸ್ತಕಗಳಿವೆ ಎಂದು ಅಮೆರಿಕದ ಪ್ರಕಾಶಕರಿಗೆ ತಿಳಿಸುವುದು. ವರ್ಷಕ್ಕೆರಡು ಸಲ ಕ್ಯಾಟಲಾಗ್ ಕಳಿಸುವುದು, ಪ್ರತಿ ಪುಸ್ತಕಕ್ಕೂ ಒಂದು ಪುಟ ಪರಿಚಯ, ಜೊತೆಗೆ ಇಂಗ್ಲಿಷಿಗೆ ತಂದ ಒಂದಿಷ್ಟು ಮಾದರಿ ಪುಟಗಳು. ಲೇಖಕರು ಯಾರಾದರೂ ಈ ಕಡೆ ಬಂದರೆ ಅವರಿಗೊಂದು ಓದು ಏರ್ಪಡಿಸುವುದು, ಸಂಪಾದಕರ ಭೇಟಿ ಮಾಡಿಸುವುದು. ಮಕ್ಕಳಿಗೆ ಸಂಬಂಧ ನೋಡುವ ಹಾಗೆಯೇ. ಜಾತಕ ಕಳಿಸಬೇಕು, ಆಮೇಲೆ ಸುಮ್ಮನೆ ಕೂರಬೇಕು.

ಮೊದಲ ದಿನ ಅವರು ಕೊಟ್ಟ ಪುಟ ಹೀಗೆ ಶುರುವಾಗುತ್ತಿತ್ತು: ‘ಈ ಕಾದಂಬರಿ ಎಲ್ಲರಿಗೂ ಹಿಡಿಸಲಾರದು. ಲೇಖಕರ ಹಿಂದಿನ ಕೃತಿ ಇದಕ್ಕಿಂತ ಮೇಲೆಂದು ಕೆಲವರ ಅಭಿಪ್ರಾಯ.’

ಇದು ಪುಸ್ತಕ ಮಾರುವ ಪುಟವೋ ಎಚ್ಚರಿಕೆಯ ಫಲಕವೋ ಎಂದು ಕೇಳಿದೆ. ಎರಡೂ ಮಾತು ನಿಜ ಎಂದರು. ನಿಜವಿರಬಹುದು, ನನ್ನ ಕೈಪಿಡಿಗಳಲ್ಲೂ ಎಚ್ಚರಿಕೆ ಮೊದಲೇ ಬರುತ್ತದೆ, ಆದರೆ ಅದರ ಕೆಳಗೆ ಏನಾದರೂ ಕೆಲಸವೂ ಇರಬೇಕಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, ಪುಟವನ್ನು ನನ್ನ ಕೈಯಲ್ಲೇ ಬಿಟ್ಟು ಹೋದರು. ಅಂದಿನಿಂದ ವಾರಕ್ಕೆರಡು ಬೆಳಿಗ್ಗೆ ಬೇಕರಿಯ ಮೇಲಿನ ಕೋಣೆಗೆ ಹೋಗುವುದು ನನ್ನ ದಿನಚರಿಗೆ ಸೇರಿತು. ಸಂಬಳವಿಲ್ಲ. ಕೆಳಗಿನಿಂದ ಏಲಕ್ಕಿ ಹಾಕಿದ ಬನ್ನು ಬರುತ್ತಿತ್ತು. ನಾರ್ವೆಯವರು ಇಷ್ಟು ಏಲಕ್ಕಿ ತಿನ್ನುತ್ತಾರೆಂದು ಮೈಸೂರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಉಳಿದ ಪುಸ್ತಕಗಳ ಬಗ್ಗೆ ಅವರು ಕರ್ತವ್ಯದಂತೆ ಮಾತಾಡುತ್ತಿದ್ದರು. ಒಂದರ ಬಗ್ಗೆ ಮಾತ್ರ ಮಾತಾಡುತ್ತಿರಲಿಲ್ಲ. ಅದರಿಂದಲೇ ನನಗೆ ಅದು ಯಾವುದೆಂದು ಗೊತ್ತಾಯಿತು. ಅವರ ತಂದೆ ತಾಯಿಯ ಕಡೆಯದೇ ಒಂದು ದ್ವೀಪದ ಶಾಲಾ ಮೇಷ್ಟ್ರು ಬರೆದ ಕಾದಂಬರಿ. ಇಬ್ಬರು ಅಣ್ಣತಮ್ಮಂದಿರು, ಇಬ್ಬರಿಗೂ ಸೇರಿ ಒಂದೇ ದೋಣಿ. ಅಣ್ಣ ಒಂದು ವಾರ ಕಡಲಿಗೆ ಹೋದರೆ ತಮ್ಮ ಮುಂದಿನ ವಾರ. ವರ್ಷಗಳಿಂದ ಮಾತಿಲ್ಲ. ಏನಾದರೂ ತಿಳಿಸಬೇಕಾದರೆ ಅಣ್ಣನ ಹೆಂಡತಿ ಅಂಗಳ ದಾಟಿ ಹೋಗಿ ಹೇಳಿ ಬರುತ್ತಾಳೆ. ಅನುವಾದಕಿ ಇದರ ಮಾದರಿ ಪುಟಗಳನ್ನು ಎಷ್ಟೋ ಪ್ರಕಾಶಕರಿಗೆ ಕಳಿಸಿದ್ದರು. ಬಂದ ಉತ್ತರಗಳು ಒಂದೇ ಅಚ್ಚಿನವು. ಬರವಣಿಗೆ ಸುಂದರವಾಗಿದೆ, ಆದರೆ ಇದನ್ನು ಇಲ್ಲಿ ಯಾರು ಓದುತ್ತಾರೆ? ಯಾರೂ ಕೇಳದಿದ್ದರೂ ಅವರು ಉಳಿದ ಅಧ್ಯಾಯಗಳನ್ನೂ ಇಂಗ್ಲಿಷಿಗೆ ತಂದು, ಮುಗಿಸಿ, ಮೊದಲಿನಿಂದ ಮತ್ತೆ ತಿದ್ದುತ್ತಿದ್ದರು. ಒಂದು ದಿನ ಕಚೇರಿಗೆ ಬೀಗ ಹಾಕುತ್ತಾ, ‘ಇದಾದ ಮೇಲೆ ಇಷ್ಟು ದೊಡ್ಡ ಪುಸ್ತಕ ನನ್ನಿಂದ ಆಗುವುದಿಲ್ಲ,’ ಎಂದರು. ಹವಾಮಾನ ಹೇಳಿದ ಹಾಗೆ ಹೇಳಿದರು. ನಾನೂ ಹಾಗೇ ಕೇಳಿಸಿಕೊಂಡೆ.

ಬಲಾರ್ಡಿನ ಪಕ್ಕದ ಫ್ರೀಮಾಂಟಿನಲ್ಲಿ, ದೊಡ್ಡ ಕಂಪನಿಗಳ ಗಾಜಿನ ಕಟ್ಟಡಗಳ ನಡುವೆ ಉಳಿದುಕೊಂಡಿದ್ದ ಒಂದು ಹಳೆಯ ಮಹಡಿಯಲ್ಲಿ, ಸಣ್ಣ ಪ್ರಕಾಶನವೊಂದಿತ್ತು. ಅದರ ಸಂಪಾದಕಿ ಚಿಕ್ಕ ವಯಸ್ಸಿನವಳು, ಚುರುಕು. ಮಾದರಿ ಪುಟಗಳನ್ನು ಓದಿದ್ದೇನೆ, ಲೇಖಕರು ಈ ಕಡೆ ಬಂದರೆ ಭೇಟಿಯಾಗಲು ಇಷ್ಟ ಎಂದು ಅವಳಿಂದ ಇಮೇಲ್ ಬಂತು. ನಾರ್ವೆಯ ಸಂಸ್ಥೆ ಲೇಖಕರನ್ನು ಕಳಿಸಲು ಒಪ್ಪಿತು. ನವೆಂಬರಿನಲ್ಲಿ ಬಂದರು. ನಾನು ಅವರ ಕಾರ್ಯಕ್ರಮವನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿ ವಿಮಾನ ನಿಲ್ದಾಣದಲ್ಲೇ ಕೊಟ್ಟೆ. ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಹಾಳೆಯನ್ನು ಓದಿ, ಮಡಚಿ, ಜೇಬಿಗಿಟ್ಟುಕೊಂಡರು. ಇದ್ದಷ್ಟು ದಿನವೂ ಒಮ್ಮೆಯೂ ತಡಮಾಡಲಿಲ್ಲ. ನನಗೆ ಅವರ ಮೇಲೆ ಗೌರವ ಬರಲು ಅಷ್ಟು ಸಾಕಾಗಿತ್ತು.

ಮೊದಲ ದಿನ ಮಧ್ಯಾಹ್ನ ಸಂಪಾದಕಿಯ ಜೊತೆ ಊಟ. ಅವಳು ತಟ್ಟೆ ಬರುವ ಮುಂಚೆಯೇ ವಿಷಯಕ್ಕೆ ಬಂದಳು. ಅಮೆರಿಕದ ಓದುಗರು ಈ ಪುಸ್ತಕವನ್ನು ಯಾಕೆ ಓದಬೇಕು, ನಿಮ್ಮ ಮಾತಿನಲ್ಲೇ ಹೇಳಿ ಎಂದಳು. ಲೇಖಕರು ಚೆನ್ನಾಗಿ ಯೋಚಿಸಿದರು.

‘ಓದಲೇಬೇಕು ಅಂತೇನೂ ಇಲ್ಲ,’ ಎಂದರು. ‘ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪುಸ್ತಕಗಳಿವೆ.’

ಅಷ್ಟಕ್ಕೇ ಬಿಡದೆ ಅಂಥ ಎರಡು ಪುಸ್ತಕಗಳ ಹೆಸರನ್ನೂ ಹೇಳಿದರು. ಅನುವಾದಕಿ ಪಕ್ಕದಲ್ಲಿ ಹೌದೆಂದು ತಲೆ ಆಡಿಸಿದರು, ಏಕೆಂದರೆ ಅವೆರಡೂ ನಿಜವಾಗಿ ಒಳ್ಳೆಯ ಪುಸ್ತಕಗಳು. ಸಂಪಾದಕಿ ಎರಡೂ ಹೆಸರುಗಳನ್ನು ಫೋನಿನಲ್ಲಿ ಬರೆದುಕೊಂಡಳು.

ಆಮೇಲೆ ಬಂದ ಸೂಪು ನನ್ನ ಮುಂದೆಯೇ ಆರಿಹೋಯಿತು. ಮೈಸೂರಿನ ಮನೆಗಳಲ್ಲಿ ಹೋಳಿಗೆ, ಎರಡು ಬಗೆ ಪಲ್ಯ, ಕೋಸಂಬರಿ, ಆಂಬೊಡೆ ಎಲ್ಲ ಮಾಡಿಟ್ಟುಕೊಂಡು ‘ಏನೂ ಮಾಡಿಲ್ಲ, ಬರೀ ಅನ್ನ ಸಾರು’ ಎಂದು ಬಾಗಿಲಲ್ಲಿ ನಿಂತು ಹೇಳುವ ಹೆಂಗಸರ ನಡುವೆ ನಾನು ಬೆಳೆದೆ. ಹಾಗೆ ಹೇಳುವುದು ಮನೆಯವರ ಕೆಲಸ. ‘ಅಯ್ಯೋ, ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ’ ಎನ್ನುವುದು ಬಂದವರ ಕೆಲಸ. ಎಲೆಯ ಮುಂದೆ ಕೂತವರು ಬೇಡ ಅನ್ನುತ್ತಾರೆ, ಬಡಿಸುವವರು ಕೇಳಿಸಿಕೊಳ್ಳುವುದಿಲ್ಲ. ಇಬ್ಬರೂ ತಮ್ಮ ತಮ್ಮ ಭಾಗ ಆಡಿದರೆ ಮಾತ್ರ ಊಟ ಸಾಗುತ್ತದೆ. ಈ ಮೇಜಿನ ಸುತ್ತ ಮನೆಯವರು ತಮ್ಮ ಮಾತು ಹೇಳಿಬಿಟ್ಟಿದ್ದರು, ಬಂದವಳಿಗೆ ತನ್ನ ಮಾತು ಗೊತ್ತಿರಲಿಲ್ಲ. ಅನ್ನ ಸಾರು ಅಂದದ್ದನ್ನು ಅವಳು ಹಾಗೇ ನಂಬಿದ್ದಳು.

ಮನೆಗೆ ಹಿಂತಿರುಗುವಾಗ ಕೆರೆಯ ಮೇಲಿನ ತೇಲುವ ಸೇತುವೆಯಲ್ಲಿ ಕಾರು ಓಡಿಸುತ್ತಾ ಇದನ್ನು ಅನುವಾದಕಿಗೆ ಹೇಳಿದೆ. ಅವರು ಕೆರೆ ನೋಡುತ್ತಾ, ‘ಆದರೆ ಅವರು ಹೇಳಿದ್ದು ನಿಜ,’ ಎಂದರು. ಲೇಖಕರು ಹಿಂದಿನ ಸೀಟಿನಲ್ಲೇ ಇದ್ದರು. ಅವರೂ ನಿಜವೆಂದರು.

ಮರುದಿನ ಬೆಳಿಗ್ಗೆ, ಲೇಖಕರ ಓದು ನಡೆಯಬೇಕಿದ್ದ ಪುಸ್ತಕದಂಗಡಿಯಿಂದ ಫೋನ್ ಬಂತು. ಸಂಜೆಯ ಓದಿಗೆ ಬರುತ್ತೇವೆಂದು ಹೆಸರು ಕೊಟ್ಟವರು ಬೆರಳೆಣಿಕೆಯ ಜನ. ಸಂಪಾದಕಿಯೂ ಬರುವವಳಿದ್ದಳು. ‘ಯಾರು ಓದುತ್ತಾರೆ’ ಎಂಬ ಪ್ರಶ್ನೆಗೆ ಖಾಲಿ ಕುರ್ಚಿಗಳೇ ಉತ್ತರ ಹೇಳಿಬಿಡುತ್ತವೆ. ಇದನ್ನು ಮೊದಲೇ ಊಹಿಸಿದ್ದ ನಾನು ಹಿಂದಿನ ವಾರವೇ ಮಿಲ್ ಕ್ರೀಕಿನಲ್ಲಿರುವ ತಂಗಿಯ ಮಗಳಿಗೆ ಹೇಳಿದ್ದೆ. ಅವಳ ಮನೆಯಲ್ಲಿ ತಿಂಗಳಿಗೊಮ್ಮೆ ಕನ್ನಡ ಪುಸ್ತಕ ಓದುವ ಗುಂಪು ಸೇರುತ್ತದೆ, ಬಹುತೇಕ ಬೆಂಗಳೂರು ಮೈಸೂರಿನ ಸಾಫ್ಟ್‌ವೇರ್ ಜನ.

‘ನಾರ್ವೆ ಅಂದ್ರೆ ಮೀನಿನ ದೇಶ ಅಲ್ವಾ ದೊಡ್ಡಮ್ಮ? ನಮ್ ಗ್ರೂಪಲ್ಲಿ ಅರ್ಧ ಜನ ವೆಜಿಟೇರಿಯನ್ನು.’

‘ಓದೋಕೆ ಕರೀತಿದೀನಿ, ಊಟಕ್ಕಲ್ಲ. ಪೇಜಸ್ ಮೇಲ್ ಮಾಡಿದೀನಿ. ಎಲ್ಲರೂ ಓದ್ಕೊಂಡ್ ಬರಬೇಕು.’

‘ಹೋಂವರ್ಕಾ?’

‘ಹೌದು.’

ಈಗ ಮತ್ತೆ ಫೋನ್ ಮಾಡಿ, ಗುಂಪಿನ ಜೊತೆ ಗಂಡಂದಿರು, ಹೆಂಡಿರು, ಬಂದಿರುವ ಅತ್ತೆ ಮಾವಂದಿರು, ಯಾರಿದ್ದರೆ ಅವರನ್ನು ಕರೆದುಕೊಂಡು ಬಾ ಎಂದೆ. ‘ಟ್ರಾಫಿಕ್ ಇರುತ್ತೆ ದೊಡ್ಡಮ್ಮ, ಸ್ವಲ್ಪ ಲೇಟಾಗಬಹುದು,’ ಎಂದಳು. ಲೇಟಾಗಬಾರದು ಎಂದೆ. ಹ್ಞೂಂ ಎಂದಳು. ಆ ಹ್ಞೂಂಗೆ ಏನರ್ಥವೆಂದು ನನಗೆ ಗೊತ್ತಿತ್ತು.

ಸಂಜೆ ಲೇಖಕರು ಓದಲು ಎದ್ದು ನಿಂತಾಗ ಮುಂದಿನ ಸಾಲುಗಳಲ್ಲಿ ಬಲಾರ್ಡಿನ ಕೆಲವು ಹಿರಿಯರು, ಅಂಗಡಿಯ ಇಬ್ಬರು ಖಾಯಂ ಗಿರಾಕಿಗಳು, ಒಂದು ಬದಿಗೆ ಸಂಪಾದಕಿ, ಇಷ್ಟೇ ಜನ. ಮೊದಲ ಪುಟ ಮುಗಿಯುವ ಹೊತ್ತಿಗೆ ಬಾಗಿಲು ತೆರೆದು ಮಿಲ್ ಕ್ರೀಕಿನ ಗುಂಪು ಒಳಗೆ ಬಂತು. ಜಾಕೆಟ್ ಕೊಡವಿಕೊಂಡು, ಪಿಸುಮಾತಿನಲ್ಲಿ ಕ್ಷಮೆ ಕೇಳಿಕೊಂಡು, ಇದ್ದ ಕುರ್ಚಿಗಳನ್ನೆಲ್ಲ ತುಂಬಿ, ಅಂಗಡಿಯವನು ಇನ್ನಷ್ಟು ಕುರ್ಚಿ ತರುವ ಹಾಗೆ ಮಾಡಿತು. ಲೇಖಕರು ಅವರೆಲ್ಲ ಕೂರುವವರೆಗೆ ಕಾದು, ಮತ್ತೆ ಮೊದಲ ಪುಟದಿಂದ ಓದಿದರು.

ಓದು ಮುಗಿದ ತಕ್ಷಣ ತಂಗಿಯ ಮಗಳ ಗಂಡ ಕೈಯಲ್ಲೊಂದು ದೊಡ್ಡ ಚೀಲ ಹಿಡಿದು ಎದ್ದ. ಒಳಗೆ ಏನಿದೆಯೆಂದು ನನಗೆ ಅಂಚು ಕಂಡಾಗಲೇ ತಿಳಿಯಿತು. ಆ ತಿಂಗಳ ರಾಜ್ಯೋತ್ಸವದ ಸಮಾರಂಭದಲ್ಲಿ ಉಳಿದ ಒಂದು ಮೈಸೂರು ಪೇಟ, ಒಂದು ಶಾಲು, ಹೊಸದಾಗಿ ಕೊಂಡ ಹಣ್ಣಿನ ಬುಟ್ಟಿ. ಬೇಡವೆಂದು ಕಣ್ಣಿನಲ್ಲೇ ಹೇಳಿದೆ.

‘ಅಷ್ಟು ದೂರದಿಂದ ಬಂದಿದಾರೆ ದೊಡ್ಡಮ್ಮ,’ ಎಂದು ಅವನು ನನ್ನ ಪಕ್ಕ ಹಾದುಹೋಗುತ್ತಾ ಮೆಲ್ಲಗೆ ಹೇಳಿದ. ‘ಬರೀ ತಲೇಲಿ ಕಳಿಸೋದಾ?’

ಸನ್ಮಾನವಾಯಿತು. ಅವನು ಇಂಗ್ಲಿಷಿನಲ್ಲಿ ಎರಡು ಮಾತಾಡಿ, ನಾರ್ವೆಯ ಅತ್ಯಂತ ಶ್ರೇಷ್ಠ ಲೇಖಕರಲ್ಲೊಬ್ಬರು ನಮ್ಮ ನಡುವೆ ಇರುವುದು ನಮ್ಮ ಪುಣ್ಯ ಎಂದ. ಲೇಖಕರು ಮೈಕಿಗೆ ಬಾಗಿ, ಅದು ನಿಜವಲ್ಲ ಎಂದರು. ನಮ್ಮವರಿಗೆ ಈ ಮಾತು ಬಹಳ ಹಿಡಿಸಿತು, ಚಪ್ಪಾಳೆ ಜೋರಾಯಿತು. ದೊಡ್ಡವರು ಹಾಗೇ ಹೇಳಬೇಕು. ಪೇಟವನ್ನು ಯಾವಾಗ ತೆಗೆಯಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಆದ್ದರಿಂದ ಅದನ್ನು ಹಾಕಿಕೊಂಡೇ ಕೂತರು. ನಾನು ಸಂಪಾದಕಿಯ ಕಡೆ ನೋಡಲಿಲ್ಲ. ಅನುವಾದಕಿ ತಮ್ಮ ಬೂಟಿನ ತುದಿ ನೋಡುತ್ತಿದ್ದರು.

ಪ್ರಶ್ನೆಗಳು ಶುರುವಾದವು. ಯಾವ ಹೊತ್ತಿನಲ್ಲಿ ಬರೆಯುತ್ತೀರಿ, ಕತ್ತಲೆಯ ಚಳಿಗಾಲ ಬರವಣಿಗೆಯ ಮೇಲೆ ಏನು ಪರಿಣಾಮ ಮಾಡುತ್ತದೆ, ಮೌನಕ್ಕೆ ನಿಮ್ಮ ಕೃತಿಯಲ್ಲಿ ಏನರ್ಥ. ಲೇಖಕರು ಒಂದೊಂದಕ್ಕೂ ಒಂದೊಂದು ವಾಕ್ಯ ಹೇಳಿದರು. ಮೌನದ ಪ್ರಶ್ನೆಗೆ ಅದೂ ಇಲ್ಲ. ಆಮೇಲೆ ನಮ್ಮ ಸಾಲಿನಿಂದ ಒಂದು ಕೈ ಎದ್ದಿತು. ಹಾಸನದ ಕಡೆಯ ಹೆಂಗಸು, ಫ್ರೀಮಾಂಟಿನ ಒಂದು ಕಂಪನಿಯಲ್ಲಿ ಕೆಲಸ. ಮಾದರಿ ಪುಟಗಳನ್ನು ಬಸ್ಸಿನಲ್ಲಿ ಓದಿ ಮುಗಿಸಿದ್ದಳು.

‘ಆ ದೋಣಿ ಯಾರ ಹೆಸರಿನಲ್ಲಿದೆ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಲೇಖಕರು ಅವಳನ್ನು ನೋಡಿದರು. ಉತ್ತರ ಬರುವುದರೊಳಗೆ ಅವಳ ಹಿಂದೆ ಕೂತವನು ಕನ್ನಡದಲ್ಲಿ ಉತ್ತರ ಕೊಟ್ಟುಬಿಟ್ಟ.

‘ಅಣ್ಣನ ಹೆಸರಲ್ಲೇ ಇರುತ್ತೆ ಬಿಡ್ರೀ. ದೊಡ್ಡೋನು ಅವನಲ್ವಾ.’

‘ದೊಡ್ಡೋನಾದ್ರೆ ಏನಾಯ್ತು? ಇಂಜಿನ್ ರಿಪೇರಿ ಮಾಡಿಸಿದ್ದು ತಮ್ಮ. ನೀವು ಓದೇ ಇಲ್ಲ.’

‘ಓದಿದೀನಿ ಕಣ್ರೀ. ರಾತ್ರೋರಾತ್ರಿ ಹೋಗಿ ದೋಣಿಗೆ ಹಲಗೆ ಬಡಿದು ಬಂದಿದ್ದು ಯಾರು ಮತ್ತೆ? ಅಣ್ಣ. ಹೇಳ್ಕೊಂಡನಾ? ಇಲ್ಲ.’

‘ಹೇಳ್ಕೊಂಡಿದ್ರೆ ಮುಗೀತಿತ್ತಲ್ಲ ಜಗಳ.’

‘ಪಾಲಾಗಿಲ್ಲ ಅಷ್ಟೆ,’ ಎಂದರು ಊರಿನಿಂದ ಬಂದಿದ್ದ ಯಾರದೋ ಮಾವ, ತೀರ್ಪು ಕೊಡುವ ದನಿಯಲ್ಲಿ. ‘ಪಾಲಾಗಿದ್ರೆ ಮಾತಾಡ್ಕೊಂಡು ಇರೋರು. ನಮ್ ಚಿಕ್ಕಪ್ಪಂದಿರೂ ಹಿಂಗೇ. ಒಂದೇ ಬಾವಿ, ಎರಡು ಹಗ್ಗ.’

ಸಂಪಾದಕಿ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು, ಇವರು ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ಹೇಳಿದೆ. ಎಲ್ಲರೂ ಪುಟ ಓದಿದ್ದಾರಾ ಎಂದು ಕೇಳಿದಳು. ಎಲ್ಲರೂ ಇಲ್ಲ, ಆದರೆ ಓದದವರಿಗೂ ಅಭಿಪ್ರಾಯವಿದೆ ಎಂದೆ.

ಲೇಖಕರು ಗದ್ದಲ ಇಳಿಯಲೆಂದು ಕಾದರು. ‘ತಾಯಿಯ ಹೆಸರಿನಲ್ಲಿ,’ ಎಂದರು. ತಾಯಿ ಸತ್ತು ಬಹಳ ಕಾಲವಾಗಿದೆ. ದೋಣಿಯ ಕಾಗದದಲ್ಲಿ ಹೆಸರು ಬದಲಾಯಿಸಬೇಕಾದರೆ ಮಕ್ಕಳಿಬ್ಬರೂ ಬಂದರಿನ ಕಚೇರಿಗೆ ಹೋಗಿ, ಒಂದೇ ಮೇಜಿನ ಮುಂದೆ ನಿಂತು ಸಹಿ ಹಾಕಬೇಕು. ಅದಕ್ಕೆ ಯಾರೂ ಮೊದಲು ಕರೆಯುವುದಿಲ್ಲ. ಸತ್ತವಳ ದೋಣಿಯಲ್ಲೇ ಇಬ್ಬರೂ ಮೀನು ಹಿಡಿಯುತ್ತಾರೆ. ಇದು ಪುಸ್ತಕದಲ್ಲಿ ಬಹಳ ಮುಂದೆ ಬರುವ ಸಂಗತಿ, ಮಾದರಿ ಪುಟಗಳಲ್ಲಿ ಇಲ್ಲ. ಈ ಪುಸ್ತಕವನ್ನು ತಾವು ಬರೆಯಲು ಶುರುಮಾಡಿದ್ದೇ ಈ ಪ್ರಶ್ನೆಯಿಂದ, ಆದರೆ ಈವರೆಗೆ ತಮ್ಮನ್ನು ಯಾರೂ ಇದನ್ನು ಕೇಳಿರಲಿಲ್ಲ ಎಂದರು. ಎಲ್ಲರೂ ಸಮುದ್ರದ ಬಗ್ಗೆ ಕೇಳುತ್ತಾರೆ. ಹಾಗೆ ಹೇಳುತ್ತಾ ಹೇಳುತ್ತಾ ಬಂದರಿನ ಕಚೇರಿ, ಅಲ್ಲಿನ ಗುಮಾಸ್ತ, ಅವನು ಎರಡೂ ಮನೆಯವರ ಜೊತೆ ನಾಜೂಕಾಗಿ ನಡೆದುಕೊಳ್ಳುವ ರೀತಿ, ಎಲ್ಲವನ್ನೂ ಹೇಳಿದರು. ತಲೆಯ ಮೇಲೆ ಜರಿಯ ಪೇಟ ಸ್ವಲ್ಪ ವಾಲಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ‘ನಾನ್ ಹೇಳ್ಲಿಲ್ವಾ, ಪಾಲಾಗಿಲ್ಲ ಅಂತ,’ ಎಂದರು ಮಾವ.

ಸಂಪಾದಕಿ ಹೊರಡುವಾಗ, ಬೆಳಿಗ್ಗೆ ಕಚೇರಿಗೆ ಬನ್ನಿ, ಮೂವರೂ ಬನ್ನಿ ಎಂದಳು.

ಹೋದೆವು. ಅವಳ ಕೋಣೆಯಲ್ಲಿ ಕೂರಲು ಪುಸ್ತಕದ ಪೆಟ್ಟಿಗೆಗಳನ್ನು ಸರಿಸಬೇಕಾಯಿತು. ಅವಳು ನೇರವಾಗಿ ಹೇಳಿದಳು: ಈ ಪುಸ್ತಕ ತನಗೆ ಬೇಕು. ಯಾರು ಓದುತ್ತಾರೆಂದು ಇನ್ನು ತನ್ನ ಪ್ರಕಾಶನದವರು ಕೇಳಿದರೆ ಹೇಳಲು ಉತ್ತರವಿದೆ. ಲೇಖಕರು ಕೃತಜ್ಞತೆ ಹೇಳಿದರು. ಅನುವಾದಕಿ ಮಡಿಲಲ್ಲಿ ಕೈಗಳನ್ನು ಜೋಡಿಸಿಕೊಂಡು ಕೂತಿದ್ದರು, ಮುಖದಲ್ಲಿ ಏನೂ ಕಾಣಲಿಲ್ಲ. ಅವರ ಚೀಲದಲ್ಲಿ ಪೂರ್ತಿ ಅನುವಾದದ ಪ್ರತಿ ಇತ್ತೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಅದನ್ನು ಅವರು ಒಳಗಿಡುವುದನ್ನು ನೋಡಿದ್ದೆ.

ಇನ್ನು ಅನುವಾದದ ವಿಷಯ ಎಂದಳು ಸಂಪಾದಕಿ. ನೀವೇ ಮಾಡುತ್ತೀರಿ ಎಂದುಕೊಳ್ಳಲೇ?

‘ನನಗಿಂತ ಚಿಕ್ಕವರಿದ್ದಾರೆ,’ ಎಂದರು ಅನುವಾದಕಿ. ‘ಈಗಿನ ಅಮೆರಿಕದ ಮಾತು ಅವರ ಕಿವಿಗೆ ಚೆನ್ನಾಗಿ ಕೇಳುತ್ತದೆ. ಅವರನ್ನು ಕೇಳುವುದು ಒಳ್ಳೆಯದು.’

ಸರಿ ಎಂದಳು ಸಂಪಾದಕಿ, ಸ್ವಲ್ಪ ಆಶ್ಚರ್ಯದಿಂದ. ಹಾಗಾದರೆ ನ್ಯೂಯಾರ್ಕಿನಲ್ಲಿ ಒಬ್ಬನಿದ್ದಾನೆ, ಬರೆದು ನೋಡುತ್ತೇನೆ ಎಂದು ಲ್ಯಾಪ್‌ಟಾಪ್ ತೆರೆದಳು. ಲೇಖಕರು ಮೇಜು ನೋಡಿದರು. ಅವರು ಏನೂ ಹೇಳುವುದಿಲ್ಲವೆಂದು ನನಗೆ ಖಚಿತವಾಯಿತು. ಒಬ್ಬರು ತಮ್ಮ ಬಗ್ಗೆ ಒಂದು ಮಾತು ಹೇಳಿದ ಮೇಲೆ ಅದನ್ನು ಅಲ್ಲಗಳೆಯುವುದು ಅವರ ಕಡೆ ಅಸಭ್ಯ.

ಆ ಕೋಣೆಯಲ್ಲಿ ನನಗೆ ಯಾವ ಅಧಿಕಾರವೂ ಇರಲಿಲ್ಲ. ನಾನು ಕಾರು ಓಡಿಸಿಕೊಂಡು ಬಂದವಳು. ಆದರೂ ಮಾತಾಡಿದೆ.

‘ನಿನ್ನೆ ಸಂಜೆ ನಮ್ಮ ಜನ ಜಗಳವಾಡಿದ್ದು ಇವರ ಇಂಗ್ಲಿಷ್ ಓದಿ. ಅವರಲ್ಲಿ ಒಬ್ಬರಿಗೂ ನಾರ್ವೆಯ ಭಾಷೆ ಬರುವುದಿಲ್ಲ.’

‘ಆದರೆ ಇವರೇ ಬೇಡ ಅನ್ನುತ್ತಿದ್ದಾರಲ್ಲ,’ ಎಂದಳು ಸಂಪಾದಕಿ.

‘ಅನ್ನುತ್ತಾರೆ. ಹಾಗೆ ಅನ್ನುವಂತೆ ಬೆಳೆಸಿದ್ದಾರೆ. ನೀವು ಮೂರು ಸಲ ಕೇಳಬೇಕು.’

ಸಂಪಾದಕಿ ನನ್ನನ್ನು ನೋಡಿ, ಅನುವಾದಕಿಯನ್ನು ನೋಡಿ, ಲ್ಯಾಪ್‌ಟಾಪ್ ಅರ್ಧ ಮುಚ್ಚಿದಳು. ಆಟಕ್ಕೆ ಕರೆದ ಮಗುವಿನ ಹಾಗೆ ನಕ್ಕಳು, ಆದರೆ ಕೇಳಿದಳು. ನೀವು ಮಾಡುತ್ತೀರಾ? ಅನುವಾದಕಿ, ತಾನು ಬಹಳ ನಿಧಾನ ಎಂದರು. ಮತ್ತೆ ಕೇಳಿದಳು, ಈ ಸಲ ನಗಲಿಲ್ಲ. ಅನುವಾದಕಿ ಕಿಟಕಿಯ ಕಡೆ ತಿರುಗಿದರು. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು, ಜನ ಇಳಿದು, ಹೊರಟುಹೋಯಿತು.

‘ಹನ್ನೊಂದನೇ ಅಧ್ಯಾಯದಲ್ಲಿ ಒಂದು ಪುಟ ಇನ್ನೂ ತಪ್ಪಾಗಿದೆ,’ ಎಂದರು. ‘ಮೊದಲು ಅದನ್ನು ಸರಿಮಾಡಬೇಕು.’

ಚೀಲ ತೆರೆದು ಪ್ರತಿಯನ್ನು ಮೇಜಿನ ಮೇಲಿಟ್ಟರು. ಪೂರ್ತಿ ಪುಸ್ತಕ ಇಂಗ್ಲಿಷಿನಲ್ಲಿ ಇದೆಯೆಂದು ಸಂಪಾದಕಿಗೆ ಗೊತ್ತಾದದ್ದು ಆಗ. ಮೊದಲೇ ಯಾಕೆ ಹೇಳಲಿಲ್ಲ ಎಂದಳು. ನೀವು ಕೇಳಿರಲಿಲ್ಲ ಎಂದರು ಅನುವಾದಕಿ.

ಮೂವರೂ ಕಾರು ಹತ್ತಿ ಹೊರಟೆವು. ಆಮೇಲೆ ಅನುವಾದಕಿ, ‘ನನ್ನ ಪರವಾಗಿ ನೀವು ಮಾತಾಡಿದಿರಿ,’ ಎಂದರು. ಅದರಲ್ಲಿ ಮೆಚ್ಚುಗೆ ಇರಲಿಲ್ಲ.

‘ಹೌದು.’

‘ಮೊದಲ ಸಲ ನಾನು ಹೇಳಿದ್ದು ಮನಸ್ಸಿನಿಂದಲೇ.’

‘ಎರಡನೇ ಸಲ?’

‘ನೀವು ಎಡಕ್ಕೆ ತಿರುಗಬೇಕಿತ್ತು,’ ಎಂದರು.

ಹಿಂದಿನ ಸೀಟಿನಲ್ಲಿ ಲೇಖಕರು ಸನ್ಮಾನದ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ಸುಲಿಯುತ್ತಿದ್ದರು. ‘ಮೂರು ಸಲ ಕೇಳುವ ಪದ್ಧತಿ ಒಳ್ಳೆಯದು,’ ಎಂದರು. ‘ಆದರೆ ನಮ್ಮ ದ್ವೀಪದಲ್ಲಿ ಅಷ್ಟರೊಳಗೆ ಚಳಿಗಾಲ ಮುಗಿದುಹೋಗುತ್ತದೆ.’ ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅದಾದ ಮೇಲೆ ಒಂದು ವಾರ ಅನುವಾದಕಿ ಬೆಳಗಿನ ನಡಿಗೆಯಲ್ಲಿ ಬರೀ ತಲೆ ಆಡಿಸಿ ಹೋದರು. ನಾನೂ ತಲೆ ಆಡಿಸಿದೆ. ನಾನು ಮಾಡಿದ್ದು ಸರಿಯೆಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೆ ಅವರಿಗೆ ಅದು ಹಿತವಾಗಿರಬೇಕೆಂದು ನಾನು ನಿರೀಕ್ಷಿಸಲಿಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಮರದ ಹತ್ತಿರ ನಿಂತು, ಹನ್ನೊಂದನೇ ಅಧ್ಯಾಯವನ್ನು ಒಮ್ಮೆ ನೋಡಲು ಬಿಡುವಿದೆಯೇ ಎಂದು ಕೇಳಿದರು.

ಇಡೀ ಚಳಿಗಾಲ ಬೇಕರಿಯ ಮೇಲಿನ ಕೋಣೆಯಲ್ಲಿ ತಿದ್ದುವ ಕೆಲಸ ನಡೆಯಿತು. ಸಂಪಾದಕಿಯ ಟಿಪ್ಪಣಿಗಳು ಪರದೆಯ ಅಂಚಿನಲ್ಲಿ ಬಣ್ಣಬಣ್ಣವಾಗಿ ಬರುತ್ತಿದ್ದವು. ಅವಳಿಗೆ ಅಣ್ಣತಮ್ಮಂದಿರು ಇನ್ನಷ್ಟು ಮಾತಾಡಬೇಕಿತ್ತು, ಕನಿಷ್ಠ ಮನಸ್ಸಿನೊಳಗಾದರೂ. ಅನುವಾದಕಿ ಇಲ್ಲದ ಮಾತನ್ನು ಸೇರಿಸಲಿಲ್ಲ. ಅಣ್ಣನ ಹೆಂಡತಿ ಅಂಗಳ ದಾಟುವ ಒಂದು ವಾಕ್ಯದ ಬಗ್ಗೆ ನಮ್ಮಿಬ್ಬರಿಗೂ ಜಗಳವಾಯಿತು. ನಾನು ಅದನ್ನು ಎರಡು ವಾಕ್ಯ ಮಾಡಬೇಕೆಂದೆ. ಅವಳು ನಿಲ್ಲದೆ ನಡೆಯುತ್ತಾಳೆ, ವಾಕ್ಯವೂ ನಿಲ್ಲಬಾರದು ಎಂದರು. ಅವರದೇ ಉಳಿಯಿತು. ಅಚ್ಚಿನಲ್ಲಿ ಓದಿದಾಗ ಅವರದೇ ಸರಿಯೆಂದು ಕಂಡಿತು. ಅದನ್ನು ಅವರಿಗೆ ಹೇಳಿದೆ. ಅವರು ಕೇಳಿಸದ ಹಾಗೆ ಇದ್ದರು.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ನಾನು ಅಣ್ಣನ ಮಗನ ಮದುವೆಗೆಂದು ಮೈಸೂರಿಗೆ ಹೋಗಿದ್ದೆ. ವಾಪಸು ಬಂದು ಕೋಣೆಯ ಮೆಟ್ಟಿಲು ಹತ್ತಿದಾಗ ಮೇಜಿನ ಮೇಲೆ ತೆರೆದ ಪೆಟ್ಟಿಗೆ ಇತ್ತು. ಒಂದು ಪ್ರತಿ ತೆಗೆದುಕೊಂಡೆ. ಮುಖಪುಟದ ಮೇಲೆ ಬೂದು ಬಣ್ಣದ ನೀರು, ದೋಣಿ, ಪುಸ್ತಕದ ಹೆಸರು, ಲೇಖಕರ ಹೆಸರು. ಹಿಂದೆ ತಿರುಗಿಸಿದೆ. ನಾನು ಹುಡುಕುತ್ತಿದ್ದ ಹೆಸರು ಅಲ್ಲೂ ಇರಲಿಲ್ಲ. ಒಳಗೆ ಶೀರ್ಷಿಕೆಯ ಪುಟದಲ್ಲಿ, ಕೆಳಗೆ, ಸಣ್ಣ ಅಕ್ಷರದಲ್ಲಿ ಅನುವಾದಕಿಯ ಹೆಸರಿತ್ತು.

ಮುಖಪುಟದ ಮೇಲೆ ಯಾಕಿಲ್ಲ ಎಂದು ಕೇಳಿದೆ.

‘ಹಾಕಲೇ ಎಂದು ಕೇಳಿದ್ದಳು. ಬೇಡ ಎಂದೆ.’

‘ಎಷ್ಟು ಸಲ ಕೇಳಿದಳು?’

‘ಇಮೇಲಿನಲ್ಲಿ ಎಷ್ಟು ಸಲ ಕೇಳುತ್ತಾರೆ?’

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರು ನನ್ನ ಮುಂದೆ ಬನ್ನಿನ ತಟ್ಟೆ ಸರಿಸಿ, ಮದುವೆ ಹೇಗಾಯಿತು ಎಂದು ಕೇಳಿದರು. ಚೆನ್ನಾಗಾಯಿತು ಎಂದೆ. ಇನ್ನು ಮುಖಪುಟದ ಬಗ್ಗೆ ಮಾಡುವುದೇನೂ ಇರಲಿಲ್ಲ. ಅಚ್ಚಾದದ್ದು ಅಚ್ಚಾಗಿತ್ತು. ನಾರ್ವೆಯ ಸಂಸ್ಥೆಗೆ, ಪತ್ರಿಕೆಗಳಿಗೆ, ಹಿಂದೆ ಬೇಡವೆಂದಿದ್ದ ಪ್ರಕಾಶಕರಿಗೆ ಕಳಿಸಬೇಕಾದ ಪ್ರತಿಗಳನ್ನು ಲಕೋಟೆಗೆ ಹಾಕುತ್ತಾ ಹೋದೆವು. ಬೇಡವೆಂದವರಿಗೆ ಯಾಕೆ ಎಂದರೆ, ಅವರು ಮರ್ಯಾದೆಯಿಂದ ಬೇಡ ಎಂದಿದ್ದರು ಎಂದರು.

ಅಷ್ಟರಲ್ಲಿ ನನಗೆ ಫೋನ್ ಬಂತು. ದೋಣಿ ಯಾರದೆಂದು ಕೇಳಿದ್ದ ಹಾಸನದವಳು. ಪುಸ್ತಕ ಬಂದ ಸುದ್ದಿ ಗುಂಪಿಗೆ ತಲುಪಿತ್ತು.

‘ಆಂಟಿ, ನನಗೊಂದು ಕಾಪಿ ಎತ್ತಿಡಿ. ಸೈನ್ ಮಾಡಿಸಿ.’

‘ಅವರು ನಾರ್ವೆಯಲ್ಲಿದಾರಮ್ಮ.’

‘ಅವರದಲ್ಲ ಆಂಟಿ. ನಾನು ಓದಿದ್ದು ಇವರ ಇಂಗ್ಲಿಷಲ್ಲಿ ತಾನೆ? ಇವರ ಹತ್ರಾನೇ ಹಾಕಿಸಿ.’

ಅವಳು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ, ಏನೂ ಸೇರಿಸಲಿಲ್ಲ. ಅನುವಾದಕಿ ಪೆನ್ನು ಹುಡುಕಿದರು. ಶೀರ್ಷಿಕೆಯ ಪುಟ ತೆರೆದು, ಎಲ್ಲಿ ಹಾಕಬೇಕೆಂದು ಸ್ವಲ್ಪ ಹೊತ್ತು ನೋಡಿದರು. ಲೇಖಕರ ಹೆಸರಿನ ಕೆಳಗೆ ಬಹಳ ಜಾಗವಿತ್ತು. ಅಲ್ಲಿ ಹಾಕಲಿಲ್ಲ. ಪುಟದ ತಳಕ್ಕೆ ಇಳಿದು, ತಮ್ಮ ಹೆಸರು ಅಚ್ಚಾಗಿದ್ದ ಸಾಲಿನ ಕೆಳಗೆ, ಟೀಚರಮ್ಮನ ದುಂಡು ಅಕ್ಷರದಲ್ಲಿ ಪೂರ್ತಿ ಹೆಸರು ಬರೆದರು. ಅಚ್ಚಿನದಕ್ಕಿಂತ ಅದು ದೊಡ್ಡದಾಗಿತ್ತು. ಮಸಿ ಆರಲೆಂದು ಪುಸ್ತಕವನ್ನು ತೆರೆದೇ ಇಟ್ಟು, ಮುಂದಿನ ಲಕೋಟೆ ತೆಗೆದುಕೊಂಡರು.